ಇಳಿಯುವ ಹರಾಜು

ಸೆಸಿಂಬ್ರದ ಬಂದರಿನಲ್ಲಿ ಮೀನಿನ ಹರಾಜು
ಏರುವುದಿಲ್ಲ, ಇಳಿಯುತ್ತದೆ.
ತೊಂಬತ್ತು, ಎಂಬತ್ತೊಂಬತ್ತು, ಎಂಬತ್ತೆಂಟು,
ಉಸಿರು ಬಿಡದೆ ಕೂಗುತ್ತಿದ್ದವನು ನಾನು,
ಮೂವತ್ತೆಂಟು ವರ್ಷ,
ಅಂಕಿ ಮಿಣುಕುವ ಹಲಗೆ ಬಂದು ಕೂರುವವರೆಗೆ.
ಕೊಳ್ಳುವವನು ಕಾಯುತ್ತಾನೆ.
ಬೇಗ ಬಾಯಿಬಿಟ್ಟರೆ ದುಡ್ಡು ದಂಡ,
ತಡೆದರೆ ಪಕ್ಕದವನ ಪಾಲು.
ಬೇಕೆನಿಸಿದ ಗಳಿಗೆ "ಚುಯ್" ಎಂದರಾಯಿತು.
ಆ ಒಂದು ಸದ್ದಿಗೆ ಬುಟ್ಟಿ ಅವನದು.
ತಳದಲ್ಲಿ ಕೊಳೆತದ್ದಿದ್ದರೆ ಅದೂ ಅವನದೇ.

ಲಿಸ್ಬನ್ನಿನ ಆಸ್ಪತ್ರೆ, ನಾಲ್ಕನೇ ಮಹಡಿ.
ಡಾಕ್ಟರ್ ಗ್ರಾಸ ಫುರ್ತಾದು ಕಾಗದದ ಮೇಲೆ
ನನ್ನ ಗಂಟಲು ಬರೆದರು, ಕೊಳವೆಯ ಹಾಗೆ.
ನೀಲಿ ಪೆನ್ನಲ್ಲಿ ಗಡ್ಡೆ ತುಂಬಿದರು.
ಒಂದು ದಾರಿ: ಧ್ವನಿಪೆಟ್ಟಿಗೆ ಪೂರ್ತಿ ತೆಗೆಯುವುದು.
ಕೊರಳ ಬುಡದಲ್ಲೊಂದು ತೂತು,
ಆಮೇಲೆ ಉಸಿರೆಲ್ಲ ಅಲ್ಲಿಂದಲೇ.
ಇನ್ನೊಂದು: ಏಳು ವಾರ ವಿಕಿರಣ, ಜೊತೆಗೆ ಕೀಮೋ.
ಪೆಟ್ಟಿಗೆ ಉಳಿಯುತ್ತದೆ;
ಉಳಿದದ್ದು ದುಡಿಯುತ್ತದೆಂದು ಬರೆದುಕೊಡಲಾರೆ.
ನುಂಗುವುದು ಕಷ್ಟವಾದೀತು,
ಕೆಲವರಿಗೆ ಹೊಟ್ಟೆಗೇ ನಳಿಗೆ.
ಗಡ್ಡೆ ಮತ್ತೆ ಬಂದರೆ ಆಗ ಕತ್ತಿಯೇ,
ಸುಟ್ಟ ಮಾಂಸದ ಮೇಲೆ.

ಐದು ವರ್ಷದ ಲೆಕ್ಕ? ಪಿಸುದನಿಯಲ್ಲಿ ಕೇಳಿದೆ.
"ನಿಮ್ಮಂಥ ನೂರು ಜನರಲ್ಲಿ
ಎರಡೂ ದಾರಿಗೆ ಅರವತ್ತರ ಆಸುಪಾಸು.
ಆ ನೂರರಲ್ಲಿ ನೀವು ಯಾರೋ, ನನಗೆ ಗೊತ್ತಿಲ್ಲ."

ಅಂಕಿ ಕೂಗಿಯೇ ಅನ್ನ ಉಂಡವನು ನಾನು.
ಈ ಅರವತ್ತಕ್ಕೆ ತೂಕವಿಲ್ಲ, ನಾತವಿಲ್ಲ,
ಕಿವಿರೆತ್ತಿ ಕೆಂಪು ನೋಡುವ ಹಾಗಿಲ್ಲ.
"ನೀವಾಗಿದ್ದರೆ ಯಾವುದು?"
ಪೆನ್ನು ಕೆಳಗಿಟ್ಟರು.
"ನನ್ನದು ಪಾಠ ಹೇಳುವ ಕೊರಳು.
ನಿಮ್ಮ ದಿನ ಹೇಗೆ ಕಳೆಯುತ್ತದೆ, ಅದನ್ನು ಹೇಳಿ."
ನನ್ನ ದಿನ! ಕಾಫಿ. ಬಂದರಿನ ಗೋಡೆ, ದೋಣಿ ಎಣಿಕೆ.
ಊಟ. ಇಸ್ಪೀಟು, ಸೋಲು. ಮತ್ತೆ ಊಟ.

ಹತ್ತು ದಿನ ಕೊಟ್ಟರು.
ಗಡ್ಡೆ ಅದಕ್ಕಿಂತ ಹೆಚ್ಚು ಕಾಯುವುದಿಲ್ಲವಂತೆ.

ಝುಲ್ಮೀರಾ ಎಂಬವಳನ್ನು ಕಾಣಲು ಹೇಳಿದ್ದರು.
ಬಸ್ ನಿಲ್ದಾಣದ ಪಕ್ಕ ಬೀಗದ ಕೈ ಮಾಡುವವಳು,
ಕೊಯ್ಯಿಸಿಕೊಂಡು ಆರು ವರ್ಷ.
ಕೊರಳ ವಸ್ತ್ರ ಸರಿಸಿ, ಹೆಬ್ಬೆರಳೊತ್ತಿ ಮಾತಾಡಿದಳು,
ಚಳಿಯ ಬೆಳಗಿಗೆ ತಕರಾರು ತೆಗೆಯುವ ಎಂಜಿನ್ನಿನ ದನಿ.
"ಕೆಮ್ಮಿದರೆ ಅಂಗಿ ಹಾಳು.
ಹೂವಿನ ವಾಸನೆ ಹೋಯಿತು, ಚರಂಡಿಯದೂ ಹೋಯಿತು.
ಸಮುದ್ರಕ್ಕೆ ಇಳಿಯಬೇಡ.
ಬೈಯಬೇಕೆಂದರೆ ಒಂದು ಕೈ ಬಿಡುವಾಗಿರಲಿ."
ನಕ್ಕಳು. ನಗುವಿಗೆ ಸದ್ದಿರಲಿಲ್ಲ, ಭುಜ ಕುಣಿಯಿತು.
ಹೊರಗೆ ಬಂದು
ಬಹಳ ಹೊತ್ತು ಗೋಡೆ ಹಿಡಿದು ನಿಂತಿದ್ದೆ.

ದನಿ ಹೋದಮೇಲೆ ನಾನೆಂಬುದು ಏನು ಉಳಿಯಿತು,
ಮನೆಯಲ್ಲಿ ಕೇಳಿದೆ.
ದೆಯೊಲಿಂಡಾ ಬಟಾಣಿ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.
"ಮೂವತ್ತೆಂಟು ವರ್ಷ ದನಿಯನ್ನೆಲ್ಲ ಬಂದರಿಗೆ ಸುರಿದು ಬಂದೆ.
ನನ್ನ ಪಾಲಿಗೆ ತಳದ ಗಸಿ.
ಹೂಂ, ಊಹೂಂ, ಉಪ್ಪು ಕಮ್ಮಿ.
ಅದು ಹೋದರೆ ನಾನು ಅಳುವುದಿಲ್ಲ, ಅದೆಲೀನು.
ನನ್ನ ಹೆದರಿಕೆ ಬೇರೆ.
ನಮ್ಮಪ್ಪ ಕೊನೆಗೆ ಗುಟುಕು ನೀರಿಗೂ ಕೆಮ್ಮುತ್ತಿದ್ದ.
ಎದುರು ಕೂತು ಉಣ್ಣುವವನು ಬೇಕು ನನಗೆ.
ಹೋಗಿ ಅದನ್ನು ಕೇಳು."
ಒಂದು ಬಟಾಣಿ ಮೇಜಿನಿಂದುರುಳಿತು,
ಇಬ್ಬರೂ ಹುಡುಕಲಿಲ್ಲ.

ಒಂಬತ್ತನೇ ದಿನ ಚೀಟಿಯಲ್ಲಿ ಬರೆದುಕೊಂಡು ಹೋದೆ:
ಮುಳ್ಳಿನ ಮೀನು ತಿನ್ನಬಹುದೆ?
ಯಾವ ದಾರಿಯಲ್ಲಿ? ಎಷ್ಟು ತಿಂಗಳಿಗೆ?
ಸಾರಿನಲ್ಲಿ ಅದ್ದಿದ ರೊಟ್ಟಿ?
ಡಾಕ್ಟರು ನಗಲಿಲ್ಲ. ಮತ್ತೆ ಕಾಗದ ಎಳೆದುಕೊಂಡರು,
ಈ ಸಲ ಎರಡು ಕೊಳವೆ,
ಗಾಳಿಗೊಂದು, ಊಟಕ್ಕೊಂದು,
ಇನ್ನೆಂದೂ ಒಂದಕ್ಕೊಂದು ಸೇರದ ಹಾಗೆ.
"ಕೊಯ್ದ ಮೇಲೆ ಹೀಗೆ. ಮುಳ್ಳು ಬಿಡಿಸಿ ತಿನ್ನಿ."

ಆ ಚಿತ್ರದ ಮೇಲೆ ಬೆರಳಿಟ್ಟು
"ಚುಯ್" ಎಂದೆ.

ಅವರು ಒಳನಾಡಿನವರು, ಗುಡ್ಡದ ಕಡೆಯವರು,
ಹುಬ್ಬು ಗಂಟಿಕ್ಕಿ ದೆಯೊಲಿಂಡಾಳತ್ತ ನೋಡಿದರು.
ಅವಳು ವಿವರಿಸತೊಡಗಿದಳು, ಇಳಿಯುವ ಅಂಕಿ, ಬುಟ್ಟಿ, ಕಾಯುವುದು,
ಎಲ್ಲ ಹಿಂದುಮುಂದಾಗಿ.
ತಿದ್ದೋಣವೆಂದರೆ
ನನಗೆ ಕೆಮ್ಮು.