ನೆಲ ಡೊಂಕು

ಬೆಳಿಗ್ಗೆ ಆರರ ಬ್ಯಾಚಿಗೆ ಗಾಡಿ ಬೆಣ್ಣೆ.
ಚೋಕ್ ಎಳೆದು ಎರಡು ನಿಮಿಷ ಬಿಟ್ಟರೆ ಸಾಕು,
ತೊಂಬತ್ತಾರರ ಮಾರುತಿ, ಎರಡು ಜೊತೆ ಪೆಡಲು,
ಹಾಸನದ ಮಾರ್ಗಶಿರದ ಚಳಿಯಲ್ಲೂ ಗುಂಯ್ ಎನ್ನುತ್ತಿತ್ತು.
ಆ ಹೊತ್ತಿಗೆ ಬರುವವನು ಡಾಕ್ಟರ ಮಗ ನಿಶ್ಚಲ್.
ಏನು ಕಾಲಿನ ಹದ ಕಣಯ್ಯಾ ಇವನದು ಎಂದು
ಟೀ ಅಂಗಡಿಯಲ್ಲೂ ಹೇಳಿಕೊಂಡು ಬಂದೆ.

ಒಂಬತ್ತಕ್ಕೆ ಹೊಂಬಾಳಮ್ಮ.
ಹಾಸ್ಟೆಲಿನ ನೂರಿಪ್ಪತ್ತು ಹುಡುಗಿಯರಿಗೆ ಉಪ್ಪಿಟ್ಟು ಕೆದಕಿ
ಸೆರಗಿನಲ್ಲಿ ಕೈ ಒರೆಸುತ್ತ ಬರುವಳು.
ಊರ ಪಂಚಾಯ್ತಿಯ ಕಸದ ಗಾಡಿಗೆ
ಹೆಂಗಸೇ ಬೇಕಂತೆ, ಲೈಸೆನ್ಸ್ ಇದ್ದರೆ.
ಅಷ್ಟು ಹೊತ್ತಿಗೆ ಇಂಜಿನ್ನು ಕಾದಿರುತ್ತಿತ್ತು.
ಸಾಲಗಾಮೆ ರಸ್ತೆಯ ಹಂಪಿನಲ್ಲಿ ಗಡಗಡ ನಡುಗಿ
ನಿಂತೇ ಹೋಗುವುದು.
ಕ್ಲಚ್ಚು! ಎನ್ನುತ್ತಿದ್ದೆ. ಒಗ್ಗರಣೆ ಸೌಟಲ್ಲ ಅದು.
ಆರ್‌ಟಿಓ ಮೈದಾನದಲ್ಲಿ ಎರಡು ಸಲ ನಿಂತಿತು,
ಎರಡು ಸಲವೂ ಇನ್‌ಸ್ಪೆಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು.
ಗಾಡೀಲೇ ಏನೋ ಐತೆ ಸಾರ್, ಎಂದಳು.
ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ಎಂದೆ ನಾನು,
ಹಿಂದಿನ ಸೀಟಿನ ಹುಡುಗರು ನಗುವಷ್ಟು ಗಟ್ಟಿಯಾಗಿ.

ಸಂಜೆ, ಯಾರೂ ಇಲ್ಲದಾಗ,
ಐಡಲ್ ಸ್ಕ್ರೂ ಕಾಲು ಸುತ್ತು ಏರಿಸುವುದು. ಮತ್ತೆ ಕಾಲು ಸುತ್ತು.
ಒಂದು ಭಾನುವಾರ ಏರಿಸಲು ಸ್ಕ್ರೂವೇ ಉಳಿಯಲಿಲ್ಲ.

ಇನಾಯತ್ ಬಾನೆಟ್ ಎತ್ತಿದ, ಏನನ್ನೂ ಮುಟ್ಟಲಿಲ್ಲ.
ಮೊಳದುದ್ದದ ಪೆಟ್ರೋಲ್ ಪೈಪಿನ ಒಂದು ತುದಿ ನನ್ನ ಕಿವಿಗಿಟ್ಟು
ಇನ್ನೊಂದನ್ನು ಕೊಳವೆಗಳ ಗುಂಟ ನಡೆಸಿದ.
ಫ್ಯಾನಿನ ಸದ್ದು. ವಾಲ್ವಿನ ಟಕಟಕ.
ಕಾರ್ಬುರೇಟರಿನ ಬೆನ್ನಿಗೆ ಬಂದಾಗ
ಸ್‌ಸ್‌ಸ್
ಕೇಳಬಾರದ್ದನ್ನು ಕೇಳಿಸಿಕೊಂಡವರು
ಹಲ್ಲುಸಂದಿಯಲ್ಲಿ ಉಸಿರೆಳೆದುಕೊಂಡ ಹಾಗೆ.
ಅಲ್ಲಿಗೆ ಒಂದೇ ಒಂದು ಚಿಮುಕು ಕ್ಲೀನರ್ ಬಿಟ್ಟ.
ಸಾಯುತ್ತಿದ್ದ ಇಂಜಿನ್ನು ಥಟ್ಟನೆ ಎದ್ದು ಕೂಗಿತು.
ಇಲ್ಲೇ, ಎಂದ. ಬೇಡದ ಗಾಳಿ ಕುಡೀತಾ ಇದೆ.
ಚಳೀಲಿ ಚೋಕು ಮುಚ್ಚಿಡ್ತದೆ, ಕಾದ ಮೇಲೆ ಬಯಲು.

ಇಂಜಿನ್ನು ಆರಿದ ಮೇಲೆ ಶುರು.
ಅವನ ಮಗಳ ಹೊಲಿಗೆ ಡಬ್ಬಿಯಿಂದ ದಾರ:
ಡಿಸ್ಟ್ರಿಬ್ಯೂಟರಿನದಕ್ಕೆ ಕೆಂಪು, ಏರ್ ಫಿಲ್ಟರಿನದಕ್ಕೆ ಹಳದಿ,
ಬ್ರೇಕ್ ಬೂಸ್ಟರಿನ ದಪ್ಪದ್ದಕ್ಕೆ ಗುರುತೇ ಬೇಡ.
ಒಂದು ಕೊಳವೆ ಎಲ್ಲಿಗೂ ಹೋಗುತ್ತಿರಲಿಲ್ಲ,
ಯಾವನೋ ಬಾಯಿಗೆ ಮೊಳೆ ತುರುಕಿ ಬಿಟ್ಟಿದ್ದ.
ಯಾವನೋ ಎಂದರೆ ನಾನೇ, ಎರಡು ಸಾವಿರದ ಎಂಟರಲ್ಲಿ.
ಎಲ್ಲೆಲ್ಲ್ ಅರ್ಜಿಯ ಬೆನ್ನಲ್ಲಿ ನಕ್ಷೆ ಬರೆದೆ.
ಒಂದು ಬಿಚ್ಚಿ, ಒಂದು ಹಾಕಿ, ಎಂದ ಇನಾಯತ್.
ಎಲ್ಲಾ ಒಟ್ಟಿಗೆ ಕಿತ್ತವರ ಗಾಡಿ ಅಗೋ,
ಹಾಗಲಬಳ್ಳಿ ಹಬ್ಬಿದೆ ನೋಡಿ.

ಹಳೆಯದರ ಒಂದಿಂಚು ತುಂಡು ಜೇಬಿಗಿಟ್ಟು ಹೋದರೆ
ಅರ್ಧ ಬಾಗಿಲು ತೆರೆದಿದ್ದ ಸ್ಪೇರ್ಸ್ ಅಂಗಡಿಯವನು
ಮೀನಿನ ತೊಟ್ಟಿಯ ಪೈಪು ತೋರಿಸಿದ: ಅದೇ ಸೈಜು, ಅರ್ಧ ರೇಟು.
ಬಿಸಿಗೆ ಮೆತ್ತಗಾಗಿ ಒಳಗಿನ ಎಳೆತಕ್ಕೆ ಚಪ್ಪಟೆಯಾಗ್ತದಪ್ಪ, ಎಂದೆ,
ಹತ್ತು ನಿಮಿಷದ ಹಿಂದೆ ಕಲಿತದ್ದನ್ನು
ಹತ್ತು ವರ್ಷದ್ದೆಂಬಂತೆ.

ಕಿತ್ತದ್ದನ್ನು ಬಗ್ಗಿಸಿದರೆ ಲಟಕ್ಕೆಂದಿತು.
ಮೊಣಕೈ ತಿರುವಿನಲ್ಲಿ
ಉಗುರು ಗೀರಿದಷ್ಟು ಸೀಳು.
ಇಷ್ಟೇ.
ಹೊಸದಕ್ಕೆ ಎಂಜಲು ಹಚ್ಚಿ ತೂರಿಸಿದೆ.
ಸ್ಕ್ರೂ ಹಿಂದಕ್ಕೆ, ಎಲ್ಲ ಕಾಲು ಸುತ್ತುಗಳೂ ಹಿಂದಕ್ಕೆ.

ಸೋಮವಾರ ಒಂಬತ್ತಕ್ಕೆ, ಅದೇ ಹಂಪಿನಲ್ಲಿ, ಅವಳು ಕ್ಲಚ್ಚು ಬಿಟ್ಟಳು.
ಗಾಡಿ ಹೋಯಿತು, ಹೋಗಬೇಕಾದ ಹಾಗೆ.
ರಸ್ತೆ ನೋಡಬೇಕಾದವಳು ತನ್ನ ಎಡಗಾಲು ನೋಡಿಕೊಂಡಳು.
ಬೈಯಲಿಲ್ಲ ನಾನು. ಬದಿಗೆ ನಿಲ್ಲಿಸಲು ಹೇಳಿ
ಸೀಳಿದ ತುಂಡನ್ನು ಅವಳ ಅಂಗೈಲಿಟ್ಟೆ.

ಇದು ಸುಸ್ಸ್ ಅನ್ನೋದು ಮೊದಲ್ನೇ ವಾರಾನೇ ಕೇಳ್ತಿತ್ತು ಸಾರ್.
ಕುಕ್ಕರ್ ಗ್ಯಾಸ್ಕೆಟ್ ಹೋದ್ರೆ ಆಚೆ ಕೋಣೇಲಿದ್ರೂ ನಂಗೆ ಗೊತ್ತಾಯ್ತದೆ.
ಹೇಳಕ್ ಬಂದೆ.
ನೀವು ಕಿಟಕಿ ಏರ್ಸು ಅಂದ್ರಿ.

ಇಂಡಿಕೇಟರ್ ಹಾಕಿದಳು. ಕನ್ನಡಿ ನೋಡಿದಳು.
ಮೂರನೇ ಟೆಸ್ಟಿನ ಫೀಸು ಯಾರು ಕಟ್ಟಬೇಕೆಂದು
ಇಬ್ಬರೂ ಮಾತೆತ್ತಲಿಲ್ಲ,
ಡೈರಿ ಸರ್ಕಲ್ ಬರುವವರೆಗೂ.