ಸೂಟು ತಗದ ರಾತ್ರಿ

ಗಂಜಿನಾಗ ಕೊನೇ ಲಾರಿ ಹೋದ ಮ್ಯಾಲ
ತೂಕದ ಖೋಲಿ ಬಾಗಿಲ ಅರ್ಧ ಹಾಕಿ ಕುಂತೀನಿ.
ಕೀಬೋರ್ಡಿನ ಸಂದಿಯೊಳಗ ತೊಗರಿ ಹೊಟ್ಟು,
ಊದಿದರ ಕಣ್ಣಿಗೇ ಬರತದ.

ಸಂಜಿಗೆ ಸಾವ್ಕಾರ್ರು ಅಂದದ್ದು ಇಷ್ಟೇ:
'ಕ್ವಿಂಟಲಿಗೆ ಎರಡು ಕಿಲೋ ಸೂಟು ನಾಳಿಂದ ಹಿಡೀಬಾರದಂತ.
ಸ್ಕ್ರಿಪ್ಟಿನಾಗಿಂದ ತಗದು ಹಾಕು, ರುಖಯ್ಯಾ.'
ತಗದು ಹಾಕು. ಎಷ್ಟು ಸಣ್ಣ ಮಾತು.

ಬರದಾವ ಸೂಗೂರಯ್ಯ.
ಕೆಲಸ ಬಿಟ್ಟು ಈಗ ಶಹಾಬಾದಿನಾಗ ಝೆರಾಕ್ಸ್ ಅಂಗಡಿ ಇಟ್ಟಾನ.
ಅವನ ಸಾಲಿಗೆ ಉಸಿರು ಬಿಡಲಿಕ್ಕೂ ಜಾಗ ಇಲ್ಲ,
ಹೆಸರು ಮಾತ್ರ ಚಂದ ಇಟ್ಟಾನ:
ಚೀಲ, ತೇವ, ಹಮಾಲಿ, ಸೂಟು.

ಮೊದಲು ಸೂಟಿನ ಮುಂದ ಏನೂ ಬರೀದೆ ಬಿಟ್ಟೆ.
ಖಾಲಿ ಆಯ್ತು, ಹೋಗಲಿಲ್ಲ.
ಖಾಲಿ ಡಬ್ಬಿನೂ ಕಪಾಟಿನಾಗ ಜಾಗ ಹಿಡೀತದಲ್ಲ,
'ಇದ್ದೀಯೇನು?' ಅಂದರ 'ಇದ್ದೀನಿ' ಅಂತು.

ಆಮ್ಯಾಲ ಅನ್‌ಸೆಟ್ ಅಂದೆ.
ಶೆಲ್ಲು ತುಟಿಪಿಟಕ್ ಅನ್ನಲಿಲ್ಲ.
ಹೇಳಿದ್ದು ಮಾಡಿದಾಗ ಅದು ಹಂಗೇ.

ನಿನ್ನಿ ಚೀಟಿ ಒಂದು ಮತ್ತ ಹಾಕಿ ನೋಡಿದೆ:
ಅಫಜಲಪುರದ ಚಂದಮ್ಮ, ತೊಗರಿ, ನೂರು ಕಿಲೋ.
ಬಂತು: ತೊಂಬತ್ತೆಂಟು.

ಅದೇ ಹೆಸರಿನ ಫಂಕ್ಷನ್ನೂ ಒಂದಿತ್ತು, ನೋಡ್ರಿ.
ಅಂಕಿ ಹೋಗಿತ್ತು, ಕೈ ಉಳದಿತ್ತು.
ಸೂಟು ಎಷ್ಟಂತ ಗೊತ್ತಿಲ್ಲದಿದ್ದರ ಎರಡಂತ ಹಿಡಿ
ಅಂತ ಸೂಗೂರಯ್ಯ ಅದರ ಹೊಟ್ಟಿಯೊಳಗೇ ಬರದಿಟ್ಟಿದ್ದ.
ಅದಕ್ಕ ಡ್ಯಾಶ್ ಎಫ್ ಹಚ್ಚಿ ಬ್ಯಾರೇ ಹೇಳಬೇಕು.
ಹೇಳಿದೆ.
'ಸೂಟು? ಅಂಥ ಕಮಾಂಡ್ ಸಿಗವಲ್ದು' ಅಂತ ಗೊಣಗಿತು.
ಚೀಟಿಯೊಳಗ ನೂರು.
ಚಂದಮ್ಮನ ಎರಡು ಕಿಲೋ, ಒಂದು ದಿನ ತಡಾ ಆಗಿ.

ಕೈ ಸುಮ್ಮನಿರಲಿಲ್ಲ, ಅಡತ್ ಕಡಿಗೂ ಹೋದೆ.
'ಓದಲಿಕ್ಕೆ ಮಾತ್ರ' ಅಂತು, ತಗೀಲಿಕ್ಕೆ ಬರಂಗಿಲ್ಲ.
ಆ ಬೀಗ ಸಾವ್ಕಾರ್ರೇ ಬಗಲಿಗೆ ನಿಂತು ಹಾಕಿಸಿದ್ದಿರಬೇಕು.

ಕಿಟಕಿ ಮುಚ್ಚಿ, ಚಹಾ ಕುಡದು ಬಂದು,
ಹೊಸ ಕಿಟಕಿ ತಗದರ
ಸೂಟು ಮತ್ತ ಕುಂತದ, ಎರಡು, ಏನೂ ಆಗಿಲ್ಲದಂಗ.

ನಾ ಅಳಿಸಿದ್ದು ಅದರ ನೆನಪಿನಾಗ.
ಬರದಿಟ್ಟ ಫೈಲು ಇದ್ದಲ್ಲೇ ಇತ್ತು.

ಫೈಲು ತಗದೆ. ಮೂರು ಸಾಲು ಹೊಡದೆ.
ನಾಕನೇದು, ಹ್ಯಾಶಿನ ಹಿಂದ, ಶೆಲ್ಲು ಎಂದೂ ಓದದ್ದು:
'ಇದು ನನ್ನ ಲೆಕ್ಕ ಅಲ್ಲ. ಹೇಳಿದಾರ, ಬರದೀನಿ. ಸೂ.'

ಅದರ ಮ್ಯಾಲ ಬೆರಳಿಟ್ಟು
ಗಂಜಿನ ನಾಯಿ ಒದರೋದು ನಿಲ್ಲೋತನಕ ಕುಂತೆ.
ಹಂಗೇ ಉಳಿಸೀನಿ.