ಕಿವಿಯ ತಮಟೆ

ಅಟರ್‌ಕ್ಲಿಫ್‌ನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ
ಸುತ್ತಿಗೆ ಬೀಳುವುದನ್ನೇ ಕೇಳಿದ ಎರಡು ಕಿವಿ
ನನ್ನ ಸದ್ದಿಲ್ಲದ ಪೆಟ್ಟಿಗೆಯೊಳಗೆ ಬಂದು ಕೂತಿವೆ.
'ಟುಂಯ್ ಅಂದಾಗ ಗುಂಡಿ ಒತ್ತಿ' ಅಂತೇನೆ.
ಎವರ್ಟನ್ ಪಿನಕ್, ಎಪ್ಪತ್ತೊಂದು,
ಕೇಳದಿದ್ದಾಗಲೂ ತಾಳ ತಪ್ಪದ ಮನುಷ್ಯ.
ನಾನು ಏನೂ ಕಳಿಸದೆ ಇದ್ದಾಗಲೂ
ಎಂಟಕ್ಕೊಂದು ಸಲ ಒತ್ತುತ್ತಾನೆ.
'ಬರಬೇಕಿತ್ತಲ್ಲಮ್ಮ, ಅಲ್ಲಿ.'

ಕಾಗದ ಹೊರಗೆ ಬಂತು:
ಎಡಕ್ಕೆ ಕತ್ತರಿ ಗುರುತು, ಬಲಕ್ಕೆ ಸೊನ್ನೆ.
ಇನ್ನೂರೈವತ್ತು, ಐನೂರು, ಮಟ್ಟಸ ನೆಲ.
ಸಾವಿರ ದಾಟಿದ ಮೇಲೆ ಇಳಿಜಾರು,
ನಾಲ್ಕು ಸಾವಿರಕ್ಕೆ ಧಡಕ್ಕನೆ ಕಣಿವೆ.
'ಅರೆ, ಇದು ಜೆಂಕಿನ್ ರೋಡು!
ಹಿಮ ಬಿದ್ದರೆ ನನ್ನ ವ್ಯಾನು ಹತ್ತೋದಿಲ್ಲ.'
ನಾನು ನಗಲಿಲ್ಲ. ಆ ಕಣಿವೆಯಲ್ಲಿ
ಯಾರ್ಯಾರು ಬಿದ್ದಿದ್ದಾರೆ ನನಗೆ ಗೊತ್ತು:
ಸ, ಶ, ಫ,
ಮೊಮ್ಮಗಳ ಗುಟ್ಟು,
ಸಿಂಬಲ್ಲಿನ ಅಂಚು.

ನಮ್ಮ ಭಾಷೆಯಲ್ಲಿ ಕಿವಿಯೊಳಗಿನ ಪೊರೆಗೆ ತಮಟೆ ಅಂತೇವೆ, ಅಂದೆ.
ಮೇಜು ಬಡಿದು ತೋರಿಸಿದೆ.
ಚರ್ಮದ್ದು, ಬೆಂಕಿಗೆ ಹಿಡಿದು ಬಿಗಿ ಮಾಡ್ತಾರೆ.
'ನನ್ನದೂ ಬೆಂಕಿಯ ಮುಂದೆಯೇ ಇತ್ತಲ್ಲ,
ಇಷ್ಟು ಹೊತ್ತಿಗೆ ಬಿಗಿಯಾಗಿರಬೇಕಿತ್ತು.'
ತಮಟೆ ಚೆನ್ನಾಗೇ ಇದೆ, ಸ್ವಾಮಿ,
ಅದರ ಹಿಂದಿನ ಬಸವನಹುಳುವಿನ
ಕೂದಲು ಉದುರಿದೆ.

ಮೂರ್ ಮಾರ್ಕೆಟ್ಟಿನಲ್ಲಿ, ಮೀನಿನಂಗಡಿಗೂ
ಗುಂಡಿ ದಾರದವಳಿಗೂ ನಡುವೆ ಆತನ ರೆಕಾರ್ಡು ಗೂಡು.
ಅಕಾರಾದಿ ಇಲ್ಲ, ಕುಲ ಕೇಳೋದಿಲ್ಲ.
ಜಾಝ್ ಪಕ್ಕ ಫಂಕ್, ಫಂಕ್ ಬಗಲಿಗೆ ಎಲೆಕ್ಟ್ರಾನಿಕ್,
ಎಲ್ಲಾ ಒಂದೇ ಪಂಕ್ತಿಯಲ್ಲಿ ಉಣ್ಣುತ್ತವೆ.
ಆರು ವರ್ಷದ ಹಿಂದೆ, ನಿದ್ದೆಗೆ ಏನಾದರೂ ಕೊಡಿ
ಎಂದು ಹೋದವಳಿಗೆ ಎಚ್ಚರ ಕೊಟ್ಟು ಕಳಿಸಿದ.

'ಇದು ತಗೋ. ಚರ್ಚಿನ ನೆಲಮಾಳಿಗೆ, ನಾಲ್ವರು, ಒಂದೇ ರಾತ್ರಿ.
ಎರಡನೇ ಬದಿಯ ಕೊನೆಗೆ ಯಾರೋ ಕುರ್ಚಿ ಎಳೀತಾರೆ,
ಅದಕ್ಕೆ ಕಾಯಿ.'
'ಈ ಕಿತ್ತಳೆ ಕವರು. ಏಳು ಜನ, ಒಂದೇ ಥಾನಿನ ಪ್ಯಾಂಟು.
ಕೂತು ಕೇಳಬೇಡ, ದಕ್ಕೋದಿಲ್ಲ,
ಪಾತ್ರೆ ತೊಳೀತಾ ಕೇಳು, ಸೊಂಟಕ್ಕೆ ಗೊತ್ತಾಗತ್ತೆ.'
'ಇದಕ್ಕೆ ಹೆಸರಿಲ್ಲ, ಬಿಳಿ ಲೇಬಲ್ಲು.
ನಮ್ಮೂರ ಹುಡುಗಿ. ಕಾರ್ಖಾನೆ ಮುಚ್ಚಿದ ವರ್ಷ
ಅಡುಗೆಮನೆಯಲ್ಲಿ ಎರಡು ಯಂತ್ರ ಇಟ್ಟು ಮಾಡಿದ್ದು.
ಕೇಳು, ಅದೇ ಸುತ್ತಿಗೆ.
ಸಂಬಳ ಮಾತ್ರ ಇಲ್ಲ.'

ಪರೀಕ್ಷೆಯ ದಿನ ಎದ್ದು ಹೊರಡುವಾಗ
ಕೋಟಿನೊಳಗಿಂದ ಒಂದು ತಟ್ಟೆ ತೆಗೆದ.
ಮಾರಾಟಕ್ಕಲ್ಲ, ಮೂಲೆ ಮೂಲೆಗೆ ಟೇಪು.
'ಒಂಬತ್ತನೇ ನಿಮಿಷಕ್ಕೆ ಡ್ರಮ್ಮಿನವಳು
ಸಿಂಬಲ್ಲನ್ನು ಉಗುರಲ್ಲಿ ಕೆರೀತಾಳೆ.
ಇನ್ನೂ ಇದೆಯಾ, ಕೇಳಿ ಹೇಳು.'

ರಾತ್ರಿ ಮುಳ್ಳು ಇಳಿಸಿದೆ. ಒಂದು ಸಲ, ಮತ್ತೊಂದು ಸಲ.
ಕಿವಿ ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದು.
ಉಗುರೂ ಇಲ್ಲ, ಅಂಚೂ ಇಲ್ಲ.
ನಲವತ್ತು ವರ್ಷ ಅದೇ ಜಾಗಕ್ಕೆ ಹೋಗಿ ಬಂದು
ಗೆರೆಯೇ ಸವೆದಿದೆ.
ತಟ್ಟೆಗೂ ನಾಲ್ಕು ಸಾವಿರದ ಹತ್ತಿರ
ಜೆಂಕಿನ್ ರೋಡು.

ಏನಂತ ಹೇಳಲಿ?
ಆಡಿಯೋಗ್ರಾಮಿನ ಬೆನ್ನ ಮೇಲೆ ಪಟ್ಟಿ ಬರೆದೆ,
ಈ ಸಲ ನನ್ನ ಶಿಫಾರಸು,
ಆತನ ಗೂಡಿನಿಂದಲೇ ಆರಿಸಿದ್ದು:
ಐನೂರರ ಕೆಳಗೆ ವಾಸಿಸುವಂಥವು.
ಬಿಲ್ಲು ಹಿಡಿದ ಡಬಲ್ ಬೇಸ್, ಕಿತ್ತಳೆ ಕವರಿನ ಏಳು ಜನ,
ಬಿಳಿ ಲೇಬಲ್ಲಿನ ಹುಡುಗಿ, ಮೊದಲ ಬದಿ ಮಾತ್ರ.

ಶನಿವಾರ ಕೊಟ್ಟೆ. ಶ್ರವಣಯಂತ್ರ ಜೇಬಲ್ಲಿತ್ತು
('ಎಲ್ಲರೂ ಬಿಸ್ಕತ್ ಡಬ್ಬಿಯಲ್ಲಿ ಕೂತು ಮಾತಾಡ್ತಾರೆ').
ಉಗುರಿನ ಸಂಗತಿ ಆತ ಕೇಳಲಿಲ್ಲ.
ಕನ್ನಡಕ ಏರಿಸಿ ಪಟ್ಟಿ ಓದಿದ,
ಎರಡನೆಯದನ್ನು ಹಾಕಿದ, ಅಂಗೈಯನ್ನು
ಸ್ಪೀಕರಿನ ಮೇಲಿಟ್ಟ, ಕುದುರೆಯ ಕತ್ತು ಸವರುವ ಹಾಗೆ.
ಪಕ್ಕದ ಅಂಗಡಿಯಲ್ಲಿ ಮಂಜುಗಡ್ಡೆ ಸಣ್ಣಗೆ ಕದಲಿತು,
ಬಂಗುಡೆಗಳು ಒಂದು ಕೂದಲೆಳೆ ಜಾರಿದವು.
ಎಂಟಕ್ಕೆ ಹೆಬ್ಬೆರಳು
ಇಲ್ಲದ ಗುಂಡಿಯನ್ನು ಒತ್ತಿತು.

ಬಂತು.